ಉಡಿಹೊಸ್ತಿಲ ವಾಡೆ

ಹಳೇ ಮುದ್ದಾಳದಲ್ಲಿ ಈಗ ಯಾರೂ ವಾಸವಾಗಿಲ್ಲ. ಹಳ್ಳಕ್ಕೆ ದೊಡ್ಡ ನೆರೆ ಬಂದ ವರ್ಷ ಊರಿಗೆ ಊರೇ ದಿಬ್ಬದ ಮೇಲಿನ ಹೊಸ ಮನೆಗಳಿಗೆ ಹೋಯಿತು. ಹಾಳೂರಿಗೆ ಉಳಿದವನೇ ಗೌಡ ಎನ್ನುವಂತೆ, ಕುಸಿದ ಮಣ್ಣಿನ ಗೋಡೆಗಳ ನಡುವೆ ಸೆಟೆದು ನಿಂತಿರುವ ವಾಡೆಯೊಂದೇ ಈಗ ಅಲ್ಲಿಯ ಗೌಡ. ಕೋಟೆಯಂಥ ಎತ್ತರದ ಗೋಡೆ, ಕೆತ್ತನೆಯ ತೇಗದ ಕಂಬಗಳು, ಮಸಿ ಹಿಡಿದ ದೀಪದ ಮಾಡಗಳು, ತೊಲೆಯಲ್ಲಿ ತೊಟ್ಟಿಲು ತೂಗಿದ ಕಬ್ಬಿಣದ ಕೊಂಡಿ, ಎಲ್ಲವೂ ಇವೆ. ನಡುಮನೆಯ ಮಾಳಿಗೆ ಮಾತ್ರ ಬಿದ್ದು ಆಕಾಶ ಕಾಣುತ್ತದೆ. ರಜೆಯ ದಿನಗಳಲ್ಲಿ ಪಟ್ಟಣದ ಹುಡುಗ ಹುಡುಗಿಯರು ಕ್ಯಾಮೆರಾ ಹೆಗಲಿಗೇರಿಸಿಕೊಂಡು ಮೋಟಾರ್ ಸೈಕಲ್ಲುಗಳಲ್ಲಿ ಬರುತ್ತಾರೆ. ಬಾವಲಿಗಳನ್ನು ಎಬ್ಬಿಸಿ, ಮುರಿದ ಮೆಟ್ಟಿಲು ಹತ್ತಿ, ಧೂಳಿನಲ್ಲಿ ಅಂಗಾತ ಮಲಗಿ ಫೋಟೋ ತೆಗೆಯುತ್ತಾರೆ. ಅವರ ಅಂಗಿಯ ಬೆನ್ನು ನೋಡಿದರೆ ಸಾಕು, ವಾಡೆಯ ಕಸ ಗುಡಿಸಿದವರು ಯಾರೆಂದು ತಿಳಿಯುತ್ತದೆ. ಕಂಬ, ಕಿಟಕಿ, ಕೊಂಡಿ ಯಾವುದನ್ನೂ ಬಿಡದ ಅವರು ಹೊಸ್ತಿಲನ್ನು ಮಾತ್ರ ದಾಟಿ ಹೋಗಿಬಿಡುತ್ತಾರೆ. ಆದರೆ ವಾಡೆಗೆ ಹೆಸರು ಬಂದದ್ದು ಆ ಹೊಸ್ತಿಲಿನಿಂದ. ಸುತ್ತಿನ ಹಳ್ಳಿಯವರೆಲ್ಲ ಇದನ್ನು ಉಡಿಹೊಸ್ತಿಲ ವಾಡೆ ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ನೆಲದಲ್ಲಿ ರಸ್ತೆ ಎಂದರೆ ಬಂಡಿಯ ಜಾಡು ಎಂದಿದ್ದ ಕಾಲಕ್ಕೆ, ದೊಡ್ಡನಗೌಡ ಎಂಬಾತ ಈ ವಾಡೆಯ ಯಜಮಾನನಾಗಿದ್ದನಂತೆ. ಅವನ ತಮ್ಮ ಎಳೆಯ ಪ್ರಾಯದಲ್ಲೇ ತೀರಿಕೊಂಡಿದ್ದ. ತಮ್ಮನ ಹೆಂಡತಿ ಗುರಬಸವ್ವ, ತೊಟ್ಟಿಲಲ್ಲಿದ್ದ ಮಗನೊಡನೆ ಇಲ್ಲೇ ಉಳಿದಳು. ಅಂದಿನಿಂದ ಅವಳ ಜಗತ್ತು ಹಿಂದಿನ ಕೋಣೆ ಮತ್ತು ಬೀಸುಕಲ್ಲು. ಮನೆಯಲ್ಲಿ ಸೀಮಂತವಾಗಲಿ, ತೊಟ್ಟಿಲು ಶಾಸ್ತ್ರವಾಗಲಿ, ಅದಕ್ಕೆ ಬೇಕಾದ ಹಿಟ್ಟು ಬೀಸುವವಳು ಅವಳೇ, ಎದುರಿಗೆ ಬರಬಾರದವಳೂ ಅವಳೇ. ಹಬ್ಬದ ದಿನ ಮುತ್ತೈದೆಯರು ಒಬ್ಬರ ಸೆರಗಿನ ಮಡಿಲಿಗೆ ಒಬ್ಬರು ಕಾಳು, ಕೊಬ್ಬರಿ, ಅರಿಷಿಣ ಹಾಕಿ ಉಡಿ ತುಂಬುವಾಗ, ಗುರಬಸವ್ವ ಒಳಗಿನ ಬೆಳಕಿಂಡಿಯಿಂದ ನೋಡುತ್ತಿದ್ದಳು. ಗಂಡ ಸತ್ತವಳಿಗೆ ಉಡಿ ತುಂಬುವುದಿಲ್ಲ. ಮೊದಮೊದಲು ಅವಳಿಗೆ ಅಳು ಬರುತ್ತಿತ್ತು, ಆಮೇಲೆ ಅದೂ ನಿಂತಿತು ಎನ್ನುತ್ತಾರೆ.

ಮಗ ಚನ್ನಪ್ಪ ಬೆಳೆದು ಮದುವೆಗೆ ಬಂದ. ಹಳ್ಳದಾಚೆಯ ಒಂದು ಸಣ್ಣ ಹಳ್ಳಿಯಿಂದ ನೀಲಗಂಗವ್ವ ಎಂಬ ಹೆಣ್ಣನ್ನು ತಂದರು. ಅವಳ ಜನ ಊರೂರ ಕಣಗಳಲ್ಲಿ ರಾಶಿ ಮಾಡಿ ಬದುಕಿದವರು. ಕಣಕ್ಕೆ ಚಪ್ಪಲಿ ಮೆಟ್ಟಿ ಬರದವರು, ಕಾಳಿಗೆ ಅರಿಯದೆ ಕಾಲು ತಾಗಿದರೂ ಬಗ್ಗಿ ಕಣ್ಣಿಗೊತ್ತಿಕೊಳ್ಳುವವರು. ವಾಡೆಯ ಪದ್ಧತಿಯೇ ಬೇರೆ. ಬರುವ ಸೊಸೆ ಹೊಸ್ತಿಲ ಮೇಲಿಟ್ಟ ಸೇರು ಜೋಳವನ್ನು ಬಲಗಾಲಿನಿಂದ ಒದ್ದು, ಕಾಳು ಚೆಲ್ಲಿದ ಹಾದಿಯಲ್ಲೇ ಒಳಗೆ ಬರಬೇಕು. ಲಗ್ನದ ಗಡಿಬಿಡಿಯಲ್ಲಿ ಹೂವು ಮುಡಿಸಲು ಹತ್ತು ಜನ ಬಂದರೂ ಈ ಮಾತನ್ನು ಹುಡುಗಿಯ ಕಿವಿಗೆ ಹಾಕಲು ಒಬ್ಬರಿಗೂ ನೆನಪಾಗಲಿಲ್ಲ. ದಿಬ್ಬಣ ಬಂತು, ಹೆಂಗಸರು ಸೋಬಾನೆ ಹಾಡಿದರು. ನೀಲಗಂಗವ್ವ ಹೊಸ್ತಿಲ ಮುಂದೆ ನಿಂತು, ಸೇರು ನೋಡಿ, ಬಗ್ಗಿ ಅದನ್ನೆತ್ತಿ ಕಣ್ಣಿಗೊತ್ತಿಕೊಂಡು ಕಾಳನ್ನೆಲ್ಲ ತನ್ನ ಉಡಿಗೆ ಸುರಿದುಕೊಂಡುಬಿಟ್ಟಳು.

ಹಾಡು ಅರ್ಧಕ್ಕೇ ನಿಂತಿತು. ಸೊಸೆ ಬಂದ ಗಳಿಗೆಯಲ್ಲೇ ಮನೆಯ ಕಾಳನ್ನು ಮಡಿಲಿಗೆ ಕಟ್ಟಿಕೊಂಡಳೆಂದರೆ ಮನೆಯ ಲಕ್ಷ್ಮಿಯನ್ನೇ ಕಟ್ಟಿಕೊಂಡಂತೆ ಎಂದು ಹಿರಿಯರು ಗುಸುಗುಟ್ಟಿದರು. ದೊಡ್ಡನಗೌಡನಿಗೆ ಸಿಟ್ಟು ನೆತ್ತಿಗೇರಿತು. ಸೇರನ್ನು ಮತ್ತೆ ತುಂಬಿಸಿ ಇಡಿಸಿ, “ಒದ್ದರ ಒಳಗ ಬಾ. ಒಲ್ಲೆ ಅಂದ್ರ ಬಂದ ಬಂಡ್ಯಾಗ ತಿರುಗಿ ಹೋಗು” ಎಂದ. ಹುಡುಗಿ ತಲೆ ತಗ್ಗಿಸಿಯೇ ಹೇಳಿದಳಂತೆ: “ದೊಡ್ಡಮಾವಾರ, ನೀವು ಕೆಂಡಾ ತುಳಿ ಅನ್ರಿ, ತುಳೀತೀನಿ. ಕಾಳಿಗೆ ಮಾತ್ರ ನನ್ನ ಕಾಲ ಏಳೂದಿಲ್ಲರಿ.” ಅವಳಪ್ಪ ರುಮಾಲು ತೆಗೆದು ಬೇಡಿಕೊಂಡ. ಮದುಮಗ ಬಾಸಿಂಗದ ಹಿಂದೆ ಮುಖ ಮುಚ್ಚಿಕೊಂಡು ನಿಂತ. ಬಾಸಿಂಗವಿರುವುದು ಇಂಥ ಹೊತ್ತಿಗೇ ಇರಬೇಕು. ಹೊತ್ತು ಇಳಿಯಿತು, ಬಂಡಿಗೆ ಎತ್ತು ಹೂಡಲು ಹೇಳಿ ಕಳಿಸಿದ್ದೂ ಆಯಿತು.

ಒಳಗೆ ಗುರಬಸವ್ವ ಬೆಳಕಿಂಡಿಯಿಂದ ಎಲ್ಲವನ್ನೂ ನೋಡುತ್ತಿದ್ದಳು. ಒಬ್ಬನೇ ಮಗ, ಅವನ ಸಂಸಾರ ಹೊಸ್ತಿಲಲ್ಲೇ ಒಡೆಯುತ್ತಿದೆ. ತನ್ನ ನೆರಳೇ ತಗುಲಿತೇನೋ, ಇಣುಕಿ ನೋಡಿದ್ದೇ ತಪ್ಪಾಯಿತೇನೋ ಎಂದು ಅವಳು ಕಿಂಡಿಯಿಂದ ಹಿಂದೆ ಸರಿದಳು. ಆಗಲೇ ಹೊರಗಿನಿಂದ ಸೊಸೆಯ ದನಿ ಕೇಳಿತು. “ಅತ್ತಿಯವರು ಎಲ್ಲಿ ಅದಾರ? ಅವರ ಉಡಿಗೆ ಹಾಕಿ ಒಳಗ ಬರ್ತೀನಿ.” ಯಾರೋ ಒಬ್ಬಳು ತಗ್ಗಿದ ದನಿಯಲ್ಲಿ, “ಅವರಿಗೆ ಉಡಿ ತುಂಬೂದಿಲ್ಲವ್ವಾ” ಎಂದಳು. ಹುಡುಗಿಗೆ ಅದು ಅರ್ಥವಾಗಲೇ ಇಲ್ಲ. “ನಮ್ಮ ಕಣದಾಗ ರಾಶಿಯ ಮೊದಲ ಕಾಳಿಗೆ ಮನಿಯ ಹಿರೇ ಹೆಣ್ಮಗಳು ಉಡಿ ಒಡ್ಡತಾಳ್ರಿ. ಗಂಡ ಅದಾನೋ ಇಲ್ಲೋ ಅಂತ ಯಾರೂ ಕೇಳೂದಿಲ್ಲ” ಎಂದಳು.

ಗುರಬಸವ್ವ ಹೇಗೆ ಎದ್ದಳೋ, ನಡುಮನೆಯನ್ನು ಹೇಗೆ ದಾಟಿದಳೋ ಅವಳಿಗೇ ಗೊತ್ತಿರಲಿಲ್ಲವಂತೆ. ಶುಭಕಾರ್ಯದ ಹೊತ್ತಿನಲ್ಲಿ ಅವಳು ಹೊಸ್ತಿಲ ಬಳಿಗೆ ಬಂದದ್ದು ಮಗ ತೊಟ್ಟಿಲಲ್ಲಿದ್ದಾಗಿನಿಂದ ಅದೇ ಮೊದಲು. “ಗುರಬಸವ್ವಾ, ಒಳಗ ನಡಿ” ಎಂದು ಗೌಡ ಗದರಿದ. ಭಾವನ ಎದುರು ಒಮ್ಮೆಯೂ ಬಾಯಿ ತೆರೆಯದಿದ್ದವಳು ಸೆರಗು ಹಣೆಗೆ ಎಳೆದುಕೊಂಡು, “ಭಾವಾರ, ಆ ಸೇರಿನ ಜ್ವಾಳ ಹಸನ ಮಾಡಿ ತುಂಬಿಕೊಟ್ಟಾಕಿ ನಾನು. ನನ್ನ ಕೈ ಹೊಸ್ತಿಲಕ್ಕ ನಡೀತು ಅಂದಮ್ಯಾಲ ನನ್ನ ಉಡಿ ಯಾಕ ನಡ್ಯಂಗಿಲ್ಲ?” ಎಂದಳು. ದೊಡ್ಡನಗೌಡ ಕೆಮ್ಮಿ, ಎತ್ತುಗಳಿಗೆ ಹೊಟ್ಟು ಹಾಕಿದ್ದಾರೋ ಇಲ್ಲವೋ ನೋಡಬೇಕೆಂದು ಹಿತ್ತಲಿಗೆ ಹೋದ. ಆ ಎತ್ತುಗಳ ಮೇಲೆ ಅವನಿಗೆ ಅಷ್ಟು ಅಕ್ಕರೆ ಹಿಂದೆಂದೂ ಕಂಡಿರಲಿಲ್ಲ ಎಂದು ಊರಿನವರು ಬಹಳ ದಿನ ಹೇಳಿ ನಗುತ್ತಿದ್ದರಂತೆ. ಗುರಬಸವ್ವ ಹೊಸ್ತಿಲ ಒಳಗೆ ನಿಂತು ಎರಡೂ ಕೈಯಿಂದ ಸೆರಗೊಡ್ಡಿದಳು. ಹೊರಗಿನಿಂದ ಸೊಸೆ ತನ್ನ ಉಡಿಯ ಜೋಳವನ್ನು ನಿಧಾನವಾಗಿ ಸುರಿದಳು. ಕಾಳಿನ ಭಾರ ಮಡಿಲಿಗೆ ಬಿದ್ದಾಗ ಎಂದೋ ನಿಂತಿದ್ದ ಅಳು ಗುರಬಸವ್ವನಿಗೆ ಮತ್ತೆ ಬಂತು. ಅಳುತ್ತಲೇ ಅವಳು ಸೊಸೆಯ ಕೈಹಿಡಿದು ಒಳಗೆ ಕರೆದುಕೊಂಡಳು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವ ಗಾದೆ ಆ ವಾಡೆಯಲ್ಲಿ ನಡೆಯಲಿಲ್ಲ. ಇಬ್ಬರೂ ಒಂದೇ ಬೀಸುಕಲ್ಲಿಗೆ ಎದುರುಬದುರು ಕೂತು ಮುದುಕಿಯರಾದರು. ಮುದ್ದಾಳದಲ್ಲಿ ಅಲ್ಲಿಂದ ಮುಂದೆ ಯಾವ ಸೊಸೆಯೂ ಸೇರು ಒದ್ದಿಲ್ಲ. ಗಂಡ ಇದ್ದವಳಿರಲಿ, ಇಲ್ಲದವಳಿರಲಿ, ಅತ್ತೆ ಒಳಗೆ ನಿಂತು ಉಡಿ ಒಡ್ಡುತ್ತಾಳೆ. ಊರು ದಿಬ್ಬಕ್ಕೆ ಹೋದಮೇಲೂ ಹೊಸ ಸೊಸೆಯನ್ನು ಮೊದಲು ಈ ಪಾಳು ವಾಡೆಗೇ ಕರೆತರುತ್ತಾರೆ. ಗುರಬಸವ್ವನ ವಂಶದವರು ಈಗ ಎಲ್ಲೆಲ್ಲೋ ಇದ್ದಾರೆ. ಆ ಬೀಸುಕಲ್ಲಿನ ಸದ್ದು, ಹಿಟ್ಟಿನ ವಾಸನೆ, ಸೋಬಾನೆಯ ದನಿ ತುಂಬಿದ್ದ ಮನೆ ಬರಿದಾಗಿ ನಿಂತಿದೆ.

ಫೋಟೋ ತೆಗೆಯಲು ಬರುವವರು ಖಾಲಿ ಬಾಗಿಲಲ್ಲಿ ಯಾರನ್ನಾದರೂ ನಿಲ್ಲಿಸಬೇಕೆಂದು ಬಯಸುತ್ತಾರೆ. ದಿಬ್ಬದಿಂದ ಇಳಿದು ಬಂದು ಹಳ್ಳದ ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರನ್ನು ಕರೆಯುತ್ತಾರೆ. ಅವರಲ್ಲಿ ಹಣೆ ತುಂಬ ಕುಂಕುಮವಿಟ್ಟ ಎಳೆಯ ಸೊಸೆಯರು ಇದ್ದೇ ಇರುತ್ತಾರೆ, ಪಟ್ಟಣದವರ ಕಣ್ಣು ಅವರ ಮೇಲೆಯೇ ಇರುತ್ತದೆ. ಆದರೆ ಆ ಸೊಸೆಯರು ತಮ್ಮ ನಡುವೆ ಕೂತಿರುವ, ಬರಿಗೈ ಬರಿಹಣೆಯ ಕಸ್ತೂರೆವ್ವ ಎಂಬ ಮುದುಕಿಯನ್ನು ರಟ್ಟೆ ಹಿಡಿದು ಎಬ್ಬಿಸುತ್ತಾರೆ. “ನೀ ನಿಂದ್ರಬೇ ಆಯೀ, ಅದು ನಿನ್ನ ಜಾಗಾ” ಎನ್ನುತ್ತಾರೆ. ಕಸ್ತೂರೆವ್ವ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಹೋಗಿ ಹೊಸ್ತಿಲ ಒಳಗೆ ನೆಟ್ಟಗೆ ನಿಲ್ಲುತ್ತಾಳೆ. ಮೇಲೆ ಮಾಳಿಗೆಯಿಲ್ಲ, ಹಿಂದೆ ಮನೆಯವರೂ ಇಲ್ಲ. ಅಂಗಳದಲ್ಲಿ ಒಂದು ಕಣ್ಣು ಮುಚ್ಚಿ ಕ್ಯಾಮೆರಾ ಹಿಡಿದವರನ್ನು ನೋಡಿ ಅವಳು ಹೇಳುತ್ತಾಳೆ: “ಹೊರಗ ಯಾಕ ನಿಂತೀರಿ? ಒಳಗ ಬರ್ರಿ.”