ಕಲ್ಲಿಗಂಟಿದ ಮಣ್ಣು

ಹೊಳೆಯ ದಂಡೆಯ ಮೇಲೆ ಒಂದು ಮಠ. ಮಠ ಅಂದರೆ ಎರಡು ಕೋಣೆ, ಒಂದು ಅಡುಗೆಮನೆ, ಮುಂದೊಂದು ಅಂಗಳ. ಅಂಗಳ ಅನ್ನುವುದಕ್ಕಿಂತ ಕಲ್ಲಿನ ಸಂತೆ ಅನ್ನಬೇಕು.

ಅಲ್ಲಿದ್ದವರು ಹುಚ್ಚೀರಜ್ಜ. ಅಮಾವಾಸ್ಯೆಗೊಮ್ಮೆ ಸುತ್ತಲಿನ ಹಳ್ಳಿಗಳ ಜನ ಬಂದು ಅಂಗಳದಲ್ಲಿ ಕೂತು, ಕಟ್ಟೆಯ ಮೇಲೆ ಕೂತ ಅಜ್ಜನ ಮಾತು ಕೇಳುತ್ತಿದ್ದರು. ಪೂರ್ತಿ ಕೇಳುತ್ತಿದ್ದರು ಅಂದರೆ ಸುಳ್ಳಾಗುತ್ತದೆ. ಕೆಳಗೆ ಕಲ್ಲು ಚುಚ್ಚಿ ಚುಚ್ಚಿ, ಅರ್ಧ ಮಾತಿಗೇ ಸೊಂಟ ಹಿಡಿದುಕೊಂಡು ಏಳುತ್ತಿದ್ದರು.

ಆ ಮಠಕ್ಕೆ ಹುಲುಗಪ್ಪ ಬಂದ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಆಸಾಮಿ. ಎಷ್ಟೋ ಗುರುಗಳ ಮನೆಯ ಗಂಜಿ ಕುಡಿದವನು, ಒಂದು ಕಡೆಯೂ ಒಂದು ಮಳೆಗಾಲ ಪೂರ್ತಿ ನಿಂತವನಲ್ಲ. ಈಗ ಗಡ್ಡ ಬೆಳ್ಳಗಾಗುತ್ತಿತ್ತು. ಎಲ್ಲಾದರೂ ನಿಲ್ಲಬೇಕು ಅನ್ನುವ ಹಂಬಲ ಎದೆಯಲ್ಲಿ ಕೂತಿತ್ತು.

ಅವನು ಅಜ್ಜನ ಪಾದ ಹಿಡಿದುಕೊಂಡ.

“ಅಜ್ಜಾರ, ಉಪದೇಶ ಕೊಡ್ರಿ. ಇಲ್ಲೇ ಉಳೀತೀನಿ. ನನ್ನ ಕಾಲಾಗಿನ ಈ ತಿರುಗಾಟ ಕಿತ್ತು ಒಗೀರಿ.”

“ಅಂಗಳ ನೋಡಿದೇನು?”

“ನೋಡೂದೇನ್ರಿ, ಕಾಲಿಗೇ ಹೇಳ್ತು.”

ಅಜ್ಜ ನಕ್ಕರು. “ನನ್ನ ಮಾತು ಚುಚ್ಚಿದರ ಚುಚ್ಚಲಿ. ಮಂದೀಗೆ ಕಲ್ಲು ಯಾಕ ಚುಚ್ಚಬೇಕು? ಅಲ್ಲಿ ಗರಿಕಿ ಹಚ್ಚು. ಹಾಸಿಗಿ ಹಾಸಿದಂಗ ಬೆಳೀಲಿ. ಅದರ ಮ್ಯಾಲೆ ಕುಂತು ಉಪದೇಶದ ಮಾತು.”

“ಇವತ್ತ ಸುರು ಮಾಡ್ತೀನ್ರಿ.”

“ನಿನ್ನಿ ಮಳಿ ಆಗೇತಿ. ನೆಲ ಒಂದೀಟು ಆರಲಿ.”

ಆರಲಿ ಅಂದರೆ ಹುಲುಗಪ್ಪನಿಗೆ ಆರುತ್ತದೆಯೇ? ಮರುದಿನ ಬೆಳಗಾಗುವ ಹೊತ್ತಿಗೆ ಗುದ್ದಲಿ ಹಿಡಿದು ನಿಂತಿದ್ದ. ಹೊಳೆಗೆ ಸ್ನಾನಕ್ಕೆ ಹೊರಟ ಅಜ್ಜ ನೋಡಿದರು.

“ಇನ್ನೂ ಹಸೀ ಐತೆಲ್ಲೋ.”

“ಹಸೀ ಇದ್ದರ ಚಲೋ ಅಲ್ಲೇನ್ರಿ ಅಜ್ಜಾರ? ಗುದ್ದಲಿ ಬೆಣ್ಯಾಗ ಇಳಿದಂಗ ಇಳೀತೈತಿ.”

ಅಜ್ಜ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ನಡೆದರು.

ಹುಲುಗಪ್ಪ ಅಗೆದ. ಹಸಿ ಕೆಸರು ಮೆತ್ತಿದ ಕಲ್ಲುಗಳನ್ನು ಬುಟ್ಟಿ ತುಂಬಿ ಹೊತ್ತು ಬೇಲಿಯಾಚೆ ಸುರಿದ. ಬುಟ್ಟಿ ಭಾರವಾದಷ್ಟೂ ಹುರುಪು. ಒಂದೊಂದು ಬುಟ್ಟಿ ಸುರಿಯುವಾಗಲೂ, ಹೋಯ್ತು ನೋಡು ನನ್ನ ತಿರುಗಾಟದ ಒಂದು ಹುಚ್ಚು, ಅಂದುಕೊಳ್ಳುತ್ತಿದ್ದ.

ಮಠದ ಅಡುಗೆ ಗಾಳೆಮ್ಮನದು. ಸಂಜೆ ರೊಟ್ಟಿ ಹಾಕುತ್ತ ಕೇಳಿದಳು:

“ಭಾಳ ಊರು ತಿರಗೀಯಂತಲ್ಲಪಾ. ನಾ ಈ ಒಲಿ ಮುಂದಿಂದ ಎದ್ದಾಕಿ ಅಲ್ಲ. ಒಂದೀಟು ಹೇಳು, ಎಲ್ಲೆಲ್ಲಿ ಏನೇನು ಕಂಡಿ?”

“ಅದನ್ನೆಲ್ಲ ಬಿಟ್ಟೀನಕ್ಕಾ. ಆ ಮಾತು ತಗೀಬ್ಯಾಡ.”

“ಅಯ್ಯ! ಹೇಳಿದರ ನಾಲಿಗಿ ಸವೀತೈತೇನು?”

ಹುಲುಗಪ್ಪ ತಲೆ ತಗ್ಗಿಸಿ ಉಂಡು ಎದ್ದ. ರಸ್ತೆಯ ಮಾತು ಬಾಯಿಗೆ ಬಂದರೆ ಕಾಲು ಎದ್ದು ನಿಲ್ಲುತ್ತದೆ ಅನ್ನುವ ಭಯ ಅವನಿಗೆ. ಹಾಗಾಗಿ ಬಾಯಿಗೇ ಬೀಗ.

ಅಂಗಳ ಕೊನೆಗೂ ಸ್ವಚ್ಛವಾಯಿತು. ಹುಡುಕಿದರೆ ಒಂದು ಹರಳು ಸಿಗದು. ಹುಲುಗಪ್ಪ ಹೊಳೆಯ ದಂಡೆಯಿಂದ ಗರಿಕೆ ತಂದು, ಗೆಣ್ಣಿಗೊಂದರಂತೆ ಕತ್ತರಿಸಿ, ಸಾಲಾಗಿ ಊರಿದ. ಕೊಡ ಕೊಡ ನೀರು ಹೊತ್ತು ಹಾಕಿದ. ಅಜ್ಜ ಬಂದು ನೋಡಲಿ ಅಂತ ಬಾಗಿಲ ಕಡೆ ಕಣ್ಣಿಟ್ಟ. ಅಜ್ಜ ಬಂದರು, ಬಗ್ಗಿ ಅಂಗೈಯಿಂದ ನೆಲ ಸವರಿದರು, ಎದ್ದು ಹೋದರು.

ಗರಿಕೆ ಹಿಡಿಯಲಿಲ್ಲ.

ಹಾಕಿದ ನೀರು ಗಂಗಾಳದಲ್ಲಿ ನಿಂತಂತೆ ನಿಂತು ಬಿಸಿಲಿಗೆ ಹಾರಿಹೋಗುತ್ತಿತ್ತು. ಊರಿದ ಬೇರು ಕೆಳಗಿನ ಗಟ್ಟಿ ಗರಸು ನೆಲಕ್ಕೆ ತಾಗಿ ಸುರುಟಿಕೊಂಡವು. ಮತ್ತೆ ತಂದ, ಮತ್ತೆ ಊರಿದ. ಮತ್ತೆ ಒಣಗಿತು. ಗರಿಕೆ ಅಂದರೆ ಬೇಡವೆಂದರೂ ಬೆಳೆಯುವ ಹುಲ್ಲು. ಅದೂ ತನ್ನ ಕೈಗೆ ಒಲಿಯುವುದಿಲ್ಲ ಅಂದರೆ!

ಒಂದು ಬೆಳಗ್ಗೆ ಬೇಲಿಯಾಚೆಯಿಂದ ಗಾಳೆಮ್ಮನ ನಗು ಕೇಳಿಸಿತು.

“ಏ ಹುಲುಗಪ್ಪಾ, ಬಾ ಇಲ್ಲಿ! ನಿನ್ನ ಉಪದೇಶ ನನ್ನ ಮ್ಯಾಕಿಗೆ ಸಿಕ್ಕೈತಿ ನೋಡು!”

ಹೋಗಿ ನೋಡಿದ. ತಾನು ಸುರಿದ ಕಲ್ಲಿನ ಗುಡ್ಡೆಯ ಸಂದಿ ಸಂದಿಯಲ್ಲಿ ಗರಿಕೆ ಎದ್ದು ನಿಂತಿತ್ತು. ಹಚ್ಚಗೆ, ಕೊಬ್ಬಿ, ಗಾಳಿಗೆ ತೂಗುತ್ತ. ಮೇಕೆ ಕಣ್ಣು ಮುಚ್ಚಿ ಮೇಯುತ್ತಿತ್ತು.

ಹುಲುಗಪ್ಪ ಅಂಗಳದ ಕಡೆ ತಿರುಗಿ ನೋಡಿದ. ತಾನು ಕೈಮುಗಿದು ನೀರೆರೆದ ಕಡೆ ಮಸಣ, ಬೇಡವೆಂದು ಎಸೆದ ಕಡೆ ಹಸಿರು. ಈ ಜಾಗಕ್ಕೂ ತನಗೂ ಋಣವಿಲ್ಲ ಅನಿಸಿತು. ಒಳಗೆ ಹೋಗಿ ಜೋಳಿಗೆ ಹೆಗಲಿಗೇರಿಸಿದ. ಹಳೆಯ ಕಾಲು ಹಳೆಯ ದಾರಿ ಹಿಡಿಯಿತು.

ಹೊಳೆಗೆ ಇಳಿಯುವ ದಾರಿ ಆ ಗುಡ್ಡೆಯ ಪಕ್ಕದಲ್ಲೇ. ಅಲ್ಲಿ ಅಜ್ಜ ಕುಕ್ಕರಗಾಲಲ್ಲಿ ಕೂತಿದ್ದರು. ಹೆಗಲ ಮೇಲಿನ ವಸ್ತ್ರವನ್ನು ನೆಲದ ಮೇಲೆ ಹಾಸಿದ್ದರು. ಒಂದು ಕಲ್ಲೆತ್ತಿ ಇನ್ನೊಂದಕ್ಕೆ ಮೆಲ್ಲಗೆ ತಟ್ಟುತ್ತಿದ್ದರು. ಒಣಗಿದ ಕೆಸರು ಪುಡಿಪುಡಿಯಾಗಿ ವಸ್ತ್ರದ ಮೇಲೆ ಉದುರುತ್ತಿತ್ತು. ಬೋಳಾದ ಕಲ್ಲನ್ನು ಪಕ್ಕಕ್ಕಿಟ್ಟು ಮತ್ತೊಂದು ಎತ್ತುತ್ತಿದ್ದರು. ಆ ವಯಸ್ಸಿನ ಕೈ, ನಡುಗಬೇಕಿತ್ತು. ನಡುಗುತ್ತಿರಲಿಲ್ಲ. ಮಗುವಿನ ಮೈ ತೊಳೆಯುವವರ ಹಾಗೆ ಕಲ್ಲಿನ ಸೊಂಟ, ಕಂಕುಳು, ಮೂಲೆ ಮೂಲೆಯನ್ನೂ ಹೆಬ್ಬೆರಳಿಂದ ತೀಡಿ ಮಣ್ಣು ಬಿಡಿಸುತ್ತಿದ್ದರು. ಒಂದು ಚಿಟಿಕೆ ಹೊರಗೆ ಬಿದ್ದರೆ ಅದನ್ನೂ ಗೋರಿ ವಸ್ತ್ರಕ್ಕೆ ಹಾಕುತ್ತಿದ್ದರು.

ಹುಲುಗಪ್ಪ ನಿಂತ. ನೂರಾರು ಪೂಜೆ ನೋಡಿದವನು. ಇಂಥದೊಂದು ನೋಡಿರಲಿಲ್ಲ.

ಅಜ್ಜ ತಲೆಯೆತ್ತದೆ ಕೇಳಿದರು. “ಹೊಂಟೇನು?”

“ಹೌದ್ರಿ.”

“ಹರಗೋಲು ಇನ್ನೂ ಆಚಿ ದಂಡ್ಯಾಗ ಐತಿ. ಅದು ಬರೂತನಕ ಎರಡು ಕಲ್ಲು ಹಿಡಿ.”

ಕೂತ. ಎರಡು ಕಲ್ಲು ಹಿಡಿದ. ತಟ್ಟಿದ. ಮಣ್ಣು ಉದುರಿತು, ಮೆತ್ತಗೆ, ಕರ್ರಗೆ. ಇಷ್ಟು ಒಳ್ಳೆಯ ಮಣ್ಣು ಆ ಅಂಗಳದಲ್ಲಿತ್ತೇ? ಹಸಿ ನೆಲ ಅಗೆದು, ಇದ್ದಬದ್ದ ಮಣ್ಣನ್ನೆಲ್ಲ ಕಲ್ಲಿನ ಜೊತೆ ತಾನೇ ಹೊತ್ತು ಹಾಕಿದ್ದು ಆಗ ಹೊಳೆಯಿತು.

“ತಪ್ಪಾತ್ರಿ ಅಜ್ಜಾರ. ಕಲ್ಲು ಕೆಟ್ಟದ್ದು ಅಂತ ಒಗದೆ.”

“ಕಲ್ಲು ಒಗಿ, ಯಾರು ಬ್ಯಾಡ ಅಂತಾರ? ಅದನ್ನ ತಬ್ಬಿಕೊಂಡಿದ್ದ ಮಣ್ಣು ಏನು ಮಾಡಿತ್ತೋ?”

ಹುಲುಗಪ್ಪ ಮತ್ತೆರಡು ಕಲ್ಲು ಎತ್ತಿಕೊಂಡ. ಕೈ ತಾನಾಗಿ ನಡೆಯಿತು. ಕಲ್ಲಿನ ಅಂಚಿಗೆ ಅಂಚು ಕೊಟ್ಟು, ಮಣಿಕಟ್ಟು ಒಮ್ಮೆ ತಿರುವಿ ತಟ್ಟುತ್ತಿದ್ದ. ಒಂದೇ ಏಟಿಗೆ ಮಣ್ಣು ಪೂರ್ತಿ ಕಳಚಿಕೊಳ್ಳುತ್ತಿತ್ತು. ಅಜ್ಜ ಕೈ ನಿಲ್ಲಿಸಿ ಬೆರಗಿನಿಂದ ನೋಡಿದರು.

“ಭಲೇ! ಇದನ್ನ ಎಲ್ಲಿ ಕಲತಿ?”

“ಸಮುದ್ರದ ದಂಡ್ಯಾಗ ಹೆಂಗಸರು ಹಿಂಗ ಚಿಪ್ಪು ಬಡೀತಾರ್ರಿ. ಅವರ ಕಡೆ ಒಂದೀಟು ದಿನ…” ಅಂದವನು ನಾಲಿಗೆ ಕಚ್ಚಿಕೊಂಡ. “ಅದನ್ನೆಲ್ಲ ಬಿಟ್ಟೀನ್ರಿ.”

“ನೀ ಬಿಟ್ಟಿ. ಕೈ ಬಿಟ್ಟಿಲ್ಲ. ನನಗೂ ತೋರಸು.”

ಗುರು ಕೈ ಚಾಚಿದರು. ಶಿಷ್ಯ ಆ ಕೈ ಹಿಡಿದು ಮಣಿಕಟ್ಟು ತಿರುವಿ ತೋರಿಸಿದ. ಅಜ್ಜನಿಗೆ ಒಮ್ಮೆ ತಪ್ಪಿತು, ಇನ್ನೊಮ್ಮೆ ತಪ್ಪಿತು, ಆಮೇಲೆ ಬಂತು. ಬಂದದ್ದೇ ತಡ, ಗೋಲಿ ಗೆದ್ದ ಹುಡುಗನಂತೆ ಕಿಲಕಿಲ ನಕ್ಕರು. ಇಷ್ಟು ದೊಡ್ಡವರು ಇಷ್ಟು ಸಣ್ಣ ವಿದ್ಯೆಗೆ ಇಷ್ಟು ಹಿಗ್ಗುವುದನ್ನು ಕಂಡು ಹುಲುಗಪ್ಪನ ಕಣ್ಣು ತುಂಬಿತು.

ಹರಗೋಲು ಈಚೆ ದಂಡೆಗೆ ಬಂತು. ಅಂಬಿಗ ಕೂಗಿದ. ಕಾದ. ಮತ್ತೆ ಕೂಗಿ, ತನ್ನ ಪಾಡಿಗೆ ತಾನು ಹೋದ.

ಆಮೇಲಿನ ಕೆಲಸ ನಿಧಾನಕ್ಕೆ ನಡೆಯಿತು. ಮಣ್ಣನ್ನು ವಸ್ತ್ರದಲ್ಲಿ, ಮೊರದಲ್ಲಿ, ಗಾಳೆಮ್ಮನ ಹಳೆಯ ಬೋಗುಣಿಯಲ್ಲಿ ಅಂಗಳಕ್ಕೆ ಹೊತ್ತರು. ಮಳೆ ಬಂದರೆ ಹುಲುಗಪ್ಪ ಗುದ್ದಲಿ ಮುಟ್ಟುತ್ತಿರಲಿಲ್ಲ. ಹೊಸ್ತಿಲ ಬಳಿ ಕೂತು ನೆಲ ಆರುವುದನ್ನು ನೋಡುತ್ತಿದ್ದ. ಬೋಳು ಕಲ್ಲುಗಳನ್ನು ತಂದು ಅಂಗಳದ ಇಳಿಜಾರಿನ ಅಂಚಿಗೆ ಒತ್ತಾಗಿ ಕೂರಿಸಿದ, ಮಣ್ಣು ಹೊಳೆಗೆ ಹರಿದು ಹೋಗದ ಹಾಗೆ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಡೆಗೆ ಗುಡ್ಡೆಯ ಮೇಲಿನ ಗರಿಕೆಯನ್ನೇ ಬೇರು ಸಮೇತ ಬಿಡಿಸಿ ತಂದು ಊರಿದ.

“ನನ್ನ ಮ್ಯಾಕಿ ಬಾಯಾಗಿನ ತುತ್ತು ಕಸಗೊಂಡೆಲ್ಲೋ ಪಾಪಿ,” ಅಂದಳು ಗಾಳೆಮ್ಮ. ಅಂದು, ಒಂದು ಕೊಡ ನೀರು ತಾನೇ ತಂದು ಸುರಿದಳು.

ಗರಿಕೆ ಹಿಡಿಯಿತು. ಗೆಣ್ಣಿಂದ ಗೆಣ್ಣಿಗೆ ಹರಿದು, ಒಂದಕ್ಕೊಂದು ಕೈ ಕೊಟ್ಟು, ಅಂಗಳ ತುಂಬ ಹಬ್ಬಿತು. ಹುಲುಗಪ್ಪ ಬರಿಗಾಲಲ್ಲಿ ಈ ತುದಿಯಿಂದ ಆ ತುದಿಗೆ ನಡೆದ. ಏನೂ ಚುಚ್ಚಲಿಲ್ಲ.

ಅಮಾವಾಸ್ಯೆ ಬಂತು. ಜನ ಬಂದರು. ಹುಲ್ಲು ಕಂಡು ಮೊದಲು ಕೂರಲು ಹಿಂಜರಿದರು, ಆಮೇಲೆ ಕೂತರು. ಕೂತ ಮುದುಕಿಯರು ಕಾಲು ಚಾಚಿದರು. ಹುಲುಗಪ್ಪ ಮಡಿ ಉಟ್ಟು ಎಲ್ಲರಿಗಿಂತ ಮುಂದೆ ಕೂತ. ಇವತ್ತು ಉಪದೇಶ. ಕೈ ಜೋಡಿಸಿಕೊಂಡು ಬಾಗಿಲನ್ನೇ ನೋಡುತ್ತಿದ್ದ.

ಅಜ್ಜ ಹೊರಗೆ ಬಂದರು. ತಾವು ಯಾವಾಗಲೂ ಕೂರುವ ಕಟ್ಟೆಯ ಹತ್ತಿರ ಹೋಗಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಹಿಂದಕ್ಕೆ ಹೋಗಿ, ಗಾಳೆಮ್ಮನ ಪಕ್ಕ ಹುಲ್ಲಿನ ಮೇಲೆ ಕೂತು ಅಂಗೈಯಿಂದ ಅದನ್ನು ಸವರಿದರು.

“ಅಜ್ಜಾರ,” ಹುಲುಗಪ್ಪ ಗಾಬರಿಯಿಂದ ಎದ್ದು ನಿಂತ. “ಕಟ್ಟಿ ಖಾಲಿ ಐತ್ರಿ.”

“ಅದಕ್ಕ ನೀ ಹೋಗಿ ಕುಂದ್ರು.”

“ನಾನೇನ್ರಿ? ನಾ ಉಪದೇಶ ಕೇಳಾಕ ಕುಂತಾವ. ನನ್ನ ಕಡೆ ಏನೈತ್ರಿ ಹೇಳಾಕ? ಬರೇ ಊರೂರು ತಿರಗಿದ ಮಾತು.”

ಅಜ್ಜ ಹುಲ್ಲಿನ ಮೇಲೆ ಕಾಲು ನೀಡಿಕೊಂಡರು.

“ನಾ ಈ ಹೊಳಿ ದಾಟಿದಾವಲ್ಲ, ಹುಲುಗಾ. ಆಚಿ ಕಡೆ ಏನೇನೈತಿ, ಹೇಳಪಾ.”