ಕುಶಾಲಪ್ಪನವರ ನಾಲ್ಕನೇ ಗುಳಿ

ಗಾಲ್ಫ್ ಮೈದಾನ ಕಟ್ಟುವುದರಲ್ಲಿ ಕುಶಾಲಪ್ಪನವರಿಗೆ ದೊಡ್ಡ ಹೆಸರಿತ್ತು. ನಡುವಯಸ್ಸಿನಲ್ಲೇ ಅವರು ನದಿಯ ದಡದಲ್ಲಿ, ತಾವೇ ಕಟ್ಟಿದ ಒಂಬತ್ತು ಗುಳಿಗಳ ಮೈದಾನದ ಪಕ್ಕ ನೆಲೆಸಿದರು. ಕಲಿಯಲು ಬಂದವರಿಗೆ ಕಲಿಸಿದರು.

ಅವರ ಪಾಠ ಹೆಚ್ಚೇನಿರಲಿಲ್ಲ. ನೆಲ ನೋಡಬೇಕು. ನೀರು ಹರಿಯುವ ದಾರಿ ನೋಡಬೇಕು. ಗಾಳಿ ಯಾವ ತಿಂಗಳು ಎತ್ತ ಬೀಸುತ್ತದೆ ಎಂದು ತಿಳಿದಿರಬೇಕು.

ದಮಯಂತಿ ಅವರ ಬಳಿ ಆರು ವರ್ಷ ಕಲಿತಳು.

ಏಳನೇ ವರ್ಷ ಅವಳಿಗೊಂದು ಕಾಗದ ಬಂತು. ಬೆಟ್ಟದ ಊರೊಂದರಲ್ಲಿ ಹೊಸ ಮೈದಾನ ಕಟ್ಟಬೇಕಿತ್ತು. ಗುರುಗಳು ಒಪ್ಪಿ ಪತ್ರ ಕೊಟ್ಟರೆ ಕೆಲಸ ನಿಮ್ಮದೇ ಎಂದು ಬರೆದಿದ್ದರು. ಅವಳು ಕಾಗದವನ್ನು ಎರಡು ದಿನ ಹತ್ತಿರವೇ ಇಟ್ಟುಕೊಂಡು, ಮೂರನೇ ದಿನ ಗುರುಗಳ ಮುಂದಿಟ್ಟಳು.

ಕುಶಾಲಪ್ಪನವರು ಓದಿ ಮಡಚಿದರು.

"ಹೋಗುವ ಮುಂಚೆ ಒಂದು ಮೈದಾನವನ್ನು ತೂಗಿ ಹೇಳು. ಕಟ್ಟಿದವನ ಬಲ ಎಲ್ಲಿ, ದೌರ್ಬಲ್ಯ ಎಲ್ಲಿ."

"ಯಾವ ಮೈದಾನ ಗುರುಗಳೇ?"

"ಇದೇ."

"ಇದು ನಿಮ್ಮದಲ್ಲವೇ?"

"ಅದಕ್ಕೇ ಕೇಳಿದ್ದು."

ಮರುದಿನ ಬೆಳಿಗ್ಗೆ ಅವಳು ಜಗಲಿಯಲ್ಲಿ ಕುಳಿತು ಹೇಳತೊಡಗಿದಳು. ಮೊದಲನೇ ಗುಳಿಯ ಚೆಲುವು, ಎರಡನೆಯದರ ಜಾಣ್ಮೆ, ಐದನೆಯದರ ಗಾಂಭೀರ್ಯ. ಆರನೆಯದನ್ನು ತಲುಪುವ ಹೊತ್ತಿಗೆ ಗುರುಗಳು ಎದ್ದು, ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೊರಟರು.

"ಗುರುಗಳೇ, ಇನ್ನೂ ಮುಗಿದಿಲ್ಲ."

"ಇಷ್ಟು ಹೊತ್ತು ನನ್ನ ಬಗ್ಗೆ ಹೇಳಿದೆ. ಮೈದಾನದ ಬಗ್ಗೆ ಯಾವಾಗ ಶುರು ಮಾಡುತ್ತೀಯ?"

ಅವಳ ಮುಖ ಕೆಂಪಾಯಿತು.

ಅಂದೇ ಅಳತೆಯ ಟೇಪು ಹಿಡಿದು ಹೊರಟಳು. ನಾಲ್ಕು ದಿನ ಅಳೆದಳು. ಇಳಿಜಾರು ಅಳೆದಳು, ಮರಳು ಗುಂಡಿಗಳ ಆಳ ಅಳೆದಳು, ಮರದಿಂದ ಮರಕ್ಕೆ ಅಳೆದಳು. ಐದನೇ ದಿನ ಇಪ್ಪತ್ತೊಂದು ತಪ್ಪುಗಳ ಪಟ್ಟಿ ತಂದಳು. ಈ ಸಲ ಅವಳ ದನಿ ಗಟ್ಟಿಯಾಗಿತ್ತು.

ಕುಶಾಲಪ್ಪನವರು ಇಪ್ಪತ್ತೊಂದನ್ನೂ ಕೇಳಿದರು.

"ಇದರಲ್ಲಿ ಯಾವ ತಪ್ಪಿನಿಂದ ಯಾರಿಗೆ ಕಷ್ಟವಾಗಿದೆ?"

ಅವಳು ಪಟ್ಟಿಯನ್ನು ಮೇಲಿಂದ ಕೆಳಗೆ ಮತ್ತೆ ಓದಿಕೊಂಡಳು.

"ಇವು ಪುಸ್ತಕ ಹೇಳಿದ ತಪ್ಪುಗಳು. ನನ್ನ ತಪ್ಪು ಎಲ್ಲಿ?"

"ನಿಮ್ಮದು ಇಲ್ಲವೇ ಇಲ್ಲ ಅಂದರೆ?" ಅವಳಿಗೆ ಸಿಟ್ಟು ಬಂದಿತ್ತು.

"ಇದೆ," ಎಂದರು ಗುರುಗಳು. "ಮೂವತ್ತು ವರ್ಷದಿಂದ ಹುಡುಕುತ್ತಿದ್ದೇನೆ. ನಾನು ಕೇಳಿದವರೆಲ್ಲ ಕೈ ಮುಗಿದು ಹೋದರು."

ದಮಯಂತಿ ಆ ದಿನ ಊಟ ಮಾಡಲಿಲ್ಲ. ಬೆಟ್ಟದ ಊರಿನವರು ಹೆಚ್ಚು ದಿನ ಕಾಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಟೇಪನ್ನು ಮೂಲೆಗೆ ಎಸೆದಳು. ಬರಿಗೈಯಲ್ಲಿ ಮೈದಾನಕ್ಕೆ ಹೋಗಿ, ನಾಲ್ಕನೇ ಗುಳಿಯ ಬಳಿ ಹೊಂಗೆ ಮರದ ಕೆಳಗೆ ಸುಮ್ಮನೆ ಕುಳಿತಳು.

ನಾಲ್ಕನೇ ಗುಳಿ ಕುಶಾಲಪ್ಪನವರ ಹೆಸರಾಂತ ಕೆಲಸ. ದೂರದ ಊರುಗಳಿಂದ ಅದನ್ನು ನೋಡಲೆಂದೇ ಜನ ಬರುತ್ತಿದ್ದರು. ಆಟ ಶುರುಮಾಡಲು ಎರಡು ಕಟ್ಟೆಗಳಿದ್ದವು. ಬಲವಾಗಿ ಹೊಡೆಯುವವರಿಗೆ ಹಿಂದೆ, ಏರಿನ ಮೇಲೊಂದು ಕಟ್ಟೆ. ವಯಸ್ಸಾದವರಿಗೆ, ಹೆಂಗಸರಿಗೆ ಅರವತ್ತು ಗಜ ಮುಂದೆ, ತಗ್ಗಿನಲ್ಲಿ ಇನ್ನೊಂದು. ಅದರ ಮುಂದೆ ಒಂದು ದಿಬ್ಬ. ದಿಬ್ಬದಾಚೆ ತೊರೆ. ತೊರೆಯಾಚೆ ಗುಳಿ, ಅದರ ಬಾವುಟ.

ಅಷ್ಟರಲ್ಲಿ ಬೋಜಮ್ಮ ಟೀಚರ್ ಬಂದರು. ಅರವತ್ತೆಂಟು ವರ್ಷ. ಶಾಲೆಯಿಂದ ನಿವೃತ್ತರಾದ ಮೇಲೆ ಆಟ ಕಲಿತವರು. ತಮ್ಮ ಚೀಲವನ್ನು ತಾವೇ ಹೊತ್ತು ತರುವರು.

ಮುಂದಿನ ಕಟ್ಟೆಯ ಮೇಲೆ ನಿಂತು ಹೊಡೆದರು. ಚೆಂಡು ನೆಟ್ಟಗೆ ಹಾರಿ, ದಿಬ್ಬ ದಾಟಿ ಮರೆಯಾಯಿತು. ಆಮೇಲೆ ನೀರಿನ ಸದ್ದು ಕೇಳಿಸಿತು.

ಟೀಚರ್ ಚೀಲದಿಂದ ಇನ್ನೊಂದು ಚೆಂಡು ತೆಗೆದರು. ಅವರ ಮುಖದಲ್ಲಿ ಬೇಸರವೂ ಇರಲಿಲ್ಲ.

ದಮಯಂತಿ ಎದ್ದು ಅವರ ಬಳಿ ಹೋದಳು.

"ಹೊಡೆತ ಚೆನ್ನಾಗಿತ್ತು ಟೀಚರ್. ಆದರೂ ನೀರಿಗೆ ಬಿತ್ತಲ್ಲ."

"ದಿನಾ ಬೀಳುತ್ತೆ ಕಣಮ್ಮಾ. ಎಂಟು ವರ್ಷ ಆಯ್ತು."

"ಸ್ವಲ್ಪ ಮೆಲ್ಲಗೆ ಹೊಡೆದು, ತೊರೆಯ ಈಚೆಗೇ ನಿಲ್ಲಿಸಿಕೊಳ್ಳಬಹುದಲ್ಲ?"

"ಎಷ್ಟು ಮೆಲ್ಲಗೆ? ಎಲ್ಲೋ ನೀರಿದೆ ಅಂತ ಗೊತ್ತು. ಕಣ್ಣಿಗೆ ಕಂಡರಲ್ಲವಾ ಕೈಗೆ ತಿಳಿಯೋದು."

ದಮಯಂತಿ ಕಟ್ಟೆ ಹತ್ತಿ ಅವರ ಪಕ್ಕ ನಿಂತಳು.

ಎದುರಿಗೆ ದಿಬ್ಬ. ದಿಬ್ಬದ ಮೇಲೆ ಹುಲ್ಲು. ಹುಲ್ಲಿನ ಮೇಲೆ ಬಾವುಟದ ತುದಿ. ತೊರೆ ಎಲ್ಲೂ ಕಾಣಲಿಲ್ಲ.

ಹಿಂದಿನ ಕಟ್ಟೆಗೆ ಓಡಿ ಅಲ್ಲಿಂದ ನೋಡಿದಳು. ತೊರೆ ಬೆಳ್ಳಗೆ ಹೊಳೆಯುತ್ತಿತ್ತು. ಆರು ವರ್ಷ ಅವಳು ಪಾಠ ಕೇಳಿದ್ದು ಅಲ್ಲಿಯೇ ನಿಂತು.

ಜಗಲಿಯ ಕಡೆ ಹೊರಟವಳ ಹೆಜ್ಜೆ ಒಮ್ಮೆ ಬಿರುಸಾಯಿತು, ಒಮ್ಮೆ ತಡೆಯಿತು. ಸಿಕ್ಕಿತೆಂಬ ಸಂತೋಷಕ್ಕೋ, ಹೇಳಬೇಕಲ್ಲ ಎಂಬ ಅಂಜಿಕೆಗೋ, ಅವಳಿಗೇ ತಿಳಿಯಲಿಲ್ಲ.

ಜಗಲಿಯಲ್ಲಿ ಗುರುಗಳ ಸುತ್ತ ಉಳಿದ ಶಿಷ್ಯರೆಲ್ಲ ಕುಳಿತಿದ್ದರು.

"ಗುರುಗಳೇ, ಒಂದು ಮಾತು. ನಿಮ್ಮೊಬ್ಬರ ಹತ್ತಿರ."

"ಇಲ್ಲೇ ಹೇಳು."

"ನಾಲ್ಕನೇ ಗುಳಿಯಲ್ಲಿ ಮುಂದಿನ ಕಟ್ಟೆಯಿಂದ ತೊರೆ ಕಾಣುವುದಿಲ್ಲ. ಅಲ್ಲಿ ನಿಂತವರು ಕಣ್ಣು ಕಟ್ಟಿಕೊಂಡು ಹೊಡೆದ ಹಾಗೆ ಹೊಡೆಯುತ್ತಿದ್ದಾರೆ."

ಹಿರಿಯ ಶಿಷ್ಯ ಉತ್ತಯ್ಯ ಕತ್ತೆತ್ತಿದ. "ಹೊಡೆಯಲು ಬಾರದವರ ಚೆಂಡು ನೀರಿಗೆ ಬಿದ್ದರೆ ಮೈದಾನದ ತಪ್ಪೇ? ದೇಶವೆಲ್ಲ ಹೊಗಳಿದ ಗುಳಿ ಅದು."

"ಹೊಗಳಿದವರು ಎಲ್ಲಿ ನಿಂತಿದ್ದರು ಅಣ್ಣಾ?"

ಉತ್ತಯ್ಯ ಉತ್ತರ ಕೊಡುವ ಮೊದಲೇ ಕುಶಾಲಪ್ಪನವರು ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಇಳಿದಿದ್ದರು.

ಎಲ್ಲರೂ ಹಿಂದೆ ನಡೆದರು.

ಗುರುಗಳು ಮುಂದಿನ ಕಟ್ಟೆ ಹತ್ತಿ ನಿಂತರು. ನೋಡಿದರು. ಒಂದು ಹೆಜ್ಜೆ ಎಡಕ್ಕೆ ಸರಿದು ನೋಡಿದರು. ಬಲಕ್ಕೆ ಸರಿದು ನೋಡಿದರು. ಆಮೇಲೆ ಹುಲ್ಲಿನ ಮೇಲೆ ಕುಳಿತುಬಿಟ್ಟರು.

ದಮಯಂತಿಯ ಕಣ್ಣಲ್ಲಿ ನೀರು ಬಂತು.

"ತಪ್ಪಾಯಿತು ಗುರುಗಳೇ."

"ತಪ್ಪಾದದ್ದು ನನ್ನದು. ಅದನ್ನೂ ನೀನೇ ಇಟ್ಟುಕೊಳ್ಳುತ್ತೀಯಾ?"

ಅವರು ನಗುತ್ತಿದ್ದರು. ಭುಜ ಕುಲುಕುವಷ್ಟು ನಗುತ್ತಿದ್ದರು.

"ಈ ಕಟ್ಟೆಯನ್ನು ಕೊನೆಯ ದಿನ ಹಾಕಿದೆ," ಎಂದರು. "ಇನ್ನೊಂದು ಬೇಕು ಅಂದರು. ಅರವತ್ತು ಗಜ ಎಣಿಸಿ ಗೂಟ ಹೊಡೆಸಿದೆ. ಇಲ್ಲಿ ನಿಂತು ನೋಡಲೇ ಇಲ್ಲ. ಮೂವತ್ತು ವರ್ಷ ಇದರ ಪಕ್ಕದಲ್ಲೇ ಓಡಾಡಿದ್ದೇನೆ."

ಉತ್ತಯ್ಯ ದಿಬ್ಬದ ಕಡೆ ನೋಡಿದ. "ನಾಳೆಯೇ ಆಳು ಕರೆಸಿ ದಿಬ್ಬ ಕಡಿಸೋಣ."

"ನೀನು ಏನು ಹೇಳುತ್ತೀ?" ಗುರುಗಳು ದಮಯಂತಿಯ ಕಡೆ ತಿರುಗಿದರು.

ಅವಳು ಕಣ್ಣು ಒರೆಸಿಕೊಂಡಳು. ತಗ್ಗಿನ ಬಲಗಡೆ ಸ್ವಲ್ಪ ಏರಿತ್ತು. ಅಲ್ಲಿಗೆ ನಡೆದು ನಿಂತಳು. ಒಂದು ಕೈ ಹಣೆಗೆ ಹಿಡಿದು ನೋಡಿದಳು.

"ದಿಬ್ಬ ಹಾಗೇ ಇರಲಿ. ಅದು ಹುಟ್ಟಿದ ಜಾಗದಲ್ಲಿದೆ. ಕಟ್ಟೆ ಮಾತ್ರ ತಪ್ಪು ಜಾಗದಲ್ಲಿದೆ. ಇಲ್ಲಿಗೆ ತಂದರೆ ಸಾಕು. ತೊರೆ ಪೂರ್ತಿ ಕಾಣುತ್ತದೆ."

ಗುರುಗಳು ಎದ್ದು ಬಂದು ಅವಳ ಪಕ್ಕ ನಿಂತರು. ತೊರೆ ಈ ದಡದಿಂದ ಆ ದಡದವರೆಗೆ ಕಂಡಿತು.

"ಗುದ್ದಲಿ ತನ್ನಿ," ಎಂದರು.

ಮೊದಲ ಗುದ್ದಲಿಯನ್ನು ಅವರೇ ಹಾಕಿದರು. ಶಿಷ್ಯರು ಬೇಡವೆಂದರೂ ಬಿಡಲಿಲ್ಲ. ಮೂರು ದಿನದಲ್ಲಿ ಹೊಸ ಕಟ್ಟೆ ಎದ್ದಿತು. ಬೇರುಸಹಿತ ಹುಲ್ಲಿನ ಹೆಂಟೆಗಳನ್ನು ಉತ್ತಯ್ಯ ತಾನೇ ತಂದು ಜೋಡಿಸಿದ.

ನಾಲ್ಕನೇ ದಿನ ಬೋಜಮ್ಮ ಟೀಚರ್ ಅದರ ಮೇಲೆ ನಿಂತರು. ತೊರೆಯ ಕಡೆ ನೋಡಿದರು.

"ಇಷ್ಟು ಹತ್ತಿರವಾ ಇದು?" ಎಂದರು.

ಕೈಯಲ್ಲಿದ್ದ ಕೋಲನ್ನು ಚೀಲಕ್ಕೆ ಹಾಕಿ, ಕಡಿಮೆ ದೂರ ಹೊಡೆಯುವ ಚಿಕ್ಕದೊಂದನ್ನು ತೆಗೆದರು. ಹೊಡೆದರು. ಚೆಂಡು ಎದ್ದು, ದಿಬ್ಬದ ಪಕ್ಕದಲ್ಲಿ ಇಳಿದು, ಉರುಳಿ ಉರುಳಿ ತೊರೆಗೆ ಹದಿನೈದು ಗಜ ಈಚೆಗೆ ನಿಂತಿತು.

ಟೀಚರ್ ಚೀಲ ಹೊತ್ತು ಚೆಂಡಿನ ಬಳಿಗೆ ನಡೆದರು.

ಎರಡನೇ ಹೊಡೆತಕ್ಕೆ ಚೆಂಡು ತೊರೆ ದಾಟಿತು. ಐದನೆಯದಕ್ಕೆ ಗುಳಿಗೆ ಬಿತ್ತು.

ಟೀಚರ್ ಟೋಪಿ ತೆಗೆದು, ಬೆಳ್ಳಿಗೂದಲು ಗಾಳಿಗೆ ಹಾರಾಡುತ್ತಿರಲು, ಗುಳಿಯ ಪಕ್ಕದಲ್ಲಿ ನೆಟ್ಟಗೆ ನಿಂತರು. ಶಾಲೆಯಲ್ಲಿ ಧ್ವಜ ಏರಿಸಿದ ದಿನ ನಿಲ್ಲುತ್ತಿದ್ದಂತೆ. ಕುಶಾಲಪ್ಪನವರು ಚಪ್ಪಾಳೆ ತಟ್ಟಿದರು. ಶಿಷ್ಯರು ತಟ್ಟಿದರು. ನದಿಯ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರೂ, ಏನೆಂದು ತಿಳಿಯದಿದ್ದರೂ, ಕೈ ಬೀಸಿದರು.

ಅಂದು ಮಧ್ಯಾಹ್ನ ಗುರುಗಳು ಪತ್ರ ಬರೆಯಲು ಕುಳಿತರು.

"ಈಗ ಹೇಳು. ಕಟ್ಟಿದವನ ಬಲ ಯಾವುದು?"

"ನೆಲ ಹೇಳಿದ್ದನ್ನು ಕೇಳುತ್ತಾನೆ," ಎಂದಳು ದಮಯಂತಿ. "ಎಲ್ಲೂ ಅದನ್ನು ಬಗ್ಗಿಸಿಲ್ಲ. ಇಂಥವರು ಕಡಿಮೆ."

"ದೌರ್ಬಲ್ಯ?"

"ಅಲ್ಲಿ ನಡೆಯುವವರನ್ನು ಅಷ್ಟೇ ಗಮನವಿಟ್ಟು ಕೇಳಲಿಲ್ಲ."

ಗುರುಗಳು ಎರಡನ್ನೂ ಅವಳು ಹೇಳಿದ ಹಾಗೆಯೇ ಬರೆದುಕೊಂಡರು. ಕೆಳಗೆ, ಇದನ್ನು ಹೇಳಿದವಳಿಗೆ ನಿಮ್ಮ ಬೆಟ್ಟವನ್ನು ಧೈರ್ಯವಾಗಿ ಕೊಡಿ ಎಂದು ಸೇರಿಸಿ ಸಹಿ ಮಾಡಿದರು.

ದಮಯಂತಿ ಅವರ ಕಾಲಿಗೆ ನಮಸ್ಕರಿಸಿ ಪತ್ರ ತೆಗೆದುಕೊಂಡಳು. ಚೀಲ ಹೆಗಲಿಗೇರಿಸಿ ಗೇಟಿನವರೆಗೆ ಹೋದವಳು ತಿರುಗಿ ನಿಂತಳು.

"ನನ್ನ ಮೈದಾನ ಮುಗಿದ ದಿನ ನೀವು ಬಂದು ನೋಡಬೇಕು ಗುರುಗಳೇ."

"ಮುಗಿದ ದಿನ ಬೇಡ," ಎಂದರು ಕುಶಾಲಪ್ಪನವರು. "ಅದರಲ್ಲಿ ತಪ್ಪು ಕಂಡುಹಿಡಿಯುವ ಶಿಷ್ಯೆ ನಿನಗೆ ಸಿಕ್ಕ ದಿನ ಹೇಳಿ ಕಳಿಸು. ನಡೆದೇ ಬರುತ್ತೇನೆ."