ಎರಡನೆಯ ಮಲ್ಲೇಶ

ಗುರುಗಳು ಯಾತ್ರೆಗೆ ಹೋಗಿದ್ದಾಗ ಶಿಷ್ಯ ಮಹಲಿಂಗ ಹೊಳೆಯ ಆಚೆ ದಡದ ಊರಿನಲ್ಲಿ ಒಂದು ಗಂಡು ಕೂಸಿಗೆ ಹೆಸರಿಟ್ಟು ಬಂದಿದ್ದ. ಅವರು ಹಿಂತಿರುಗಿ ಕಾಲು ತೊಳೆಯುವ ಮೊದಲೇ ಅದನ್ನು ಹೇಳಿಬಿಟ್ಟ.

“ಏನು ಹೆಸರಿಟ್ಟೆ?”

“ಮಲ್ಲೇಶ. ತಾಯಿ ಕೆಂಪಾಜಮ್ಮನೇ ಬೇಡಿಕೊಂಡ ಹೆಸರು. ಮೊದಲ ಮಗನೂ ಮಲ್ಲೇಶನೇ, ಓಡಾಡುವ ವಯಸ್ಸಿನಲ್ಲಿ ಜ್ವರ ಬಂದು ತೀರಿಕೊಂಡನಂತೆ. ಅದೇ ಹೆಸರನ್ನು ಕೂಸಿನ ಕಿವಿಯಲ್ಲಿ ಹೇಳಿದೆ. ಅವಳ ಮುಖ ಎಷ್ಟು ಅರಳಿತು ಅಂತೀರಿ!”

ಗುರುಗಳು ತಂಬಿಗೆಯನ್ನು ಕೆಳಗಿಟ್ಟರು.

“ಆ ಹೆಸರು ಖಾಲಿಯಿದೆ ಅಂತ ನಿನಗೆ ಯಾರು ಹೇಳಿದರು?”

ಮಹಲಿಂಗನಿಗೆ ಅರ್ಥವಾಗಲಿಲ್ಲ. “ಇವತ್ತು ಆ ಕೂಸಿಗೆ ಅನ್ನಪ್ರಾಶನ, ಗುರುಗಳೇ. ನನ್ನನ್ನು ಕರೆದಿದ್ದಾರೆ,” ಅಂದ.

“ನಡಿ. ನಾನೂ ಬರುತ್ತೇನೆ.”

ತನ್ನ ಕೆಲಸ ಮೆಚ್ಚಿಯೇ ಬರುತ್ತಿದ್ದಾರೆಂದು ಅವನು ಒಳಗೊಳಗೇ ಹಿಗ್ಗಿದ. ಮಂತ್ರಗಳು ಬಾಯಿಗೆ ಬಂದ ಹೊಸತರಲ್ಲಿ ಯಾರಿಗಾದರೂ ಹಾಗೇ ಅನಿಸುತ್ತದೆ.

ಮಟಮಟ ಮಧ್ಯಾಹ್ನ ಇಬ್ಬರೂ ಹೊಳೆ ಹಾಯ್ದು ಕೆಂಪಾಜಮ್ಮನ ಮನೆ ತಲುಪಿದರು. ನೆಲ ಸಾರಿಸಿ ಎಲೆ ಹಾಕಿದ್ದರು. ಪಾಯಸ ಸಿದ್ಧವಾಗಿತ್ತು. ಕೆಂಪಾಜಮ್ಮನ ಮಡಿಲಲ್ಲಿದ್ದ ಕೂಸು ಮಾತ್ರ ಅನ್ನ ಉಣ್ಣುವ ಕೂಸಿನಂತಿರಲಿಲ್ಲ. ಮೂಳೆ ಚಕ್ಕಳವಾಗಿತ್ತು.

“ಸರ್ಯಾಗ್ ಹಾಲು ಕುಡಿಯಾಕಿಲ್ಲ ಬುದ್ಧಿ,” ಅಂದಳು. “ಹೆಸ್ರಿಟ್ಟ ದಿನದಿಂದ ಹಿಂಗೇಯ. ಕರುದ್ರೆ ನನ್ ಮಖ ನೋಡಾಕಿಲ್ಲ. ಬಾಗ್ಲ ಕಡೆ ನೋಡ್ತದೆ.”

“ಈಗ ಕರೆ ತಾಯಿ,” ಅಂದರು ಗುರುಗಳು.

“ಮಲ್ಲೇಶಾ...”

ಕೂಸು ಬಾಗಿಲ ಕಡೆ ನೋಡಿತು. ಅಲ್ಲಿ ಯಾರೂ ಇರಲಿಲ್ಲ. ಸಾರಿಸಿದ ಹಸಿ ನೆಲದ ಮೇಲೆ ಪುಟ್ಟ ಹೆಜ್ಜೆಯೊಂದು ಮೂಡಿತು. ಅದರ ಮುಂದೆ ಇನ್ನೊಂದು. ಹಾಗೇ ಮೂಡುತ್ತ ಮೂಡುತ್ತ ಬಂದು ಹೆಜ್ಜೆಗಳು ತಾಯಿಯ ಪಕ್ಕದಲ್ಲಿ ನಿಂತವು.

ಕೆಂಪಾಜಮ್ಮ ಬೆಚ್ಚಲಿಲ್ಲ, ತಲೆ ತಗ್ಗಿಸಿದಳು. ಅವಳಿಗೆ ಇದು ಹೊಸದಾಗಿರಲಿಲ್ಲ.

ಮಹಲಿಂಗ ಗುರುಗಳ ಹಿಂದಕ್ಕೆ ಸರಿದ. “ಗುರುಗಳೇ, ಓಡಿಸುವ ಮಂತ್ರ ನನಗೆ ಬರುತ್ತದೆ. ಹೇಳಲೇ?”

“ಕರೆದವನು ನೀನು. ಕರೆದರೆಂದು ಬಂದ ಮಗುವನ್ನು ಓಡಿಸುತ್ತೀಯಾ? ಇನ್ನೊಂದು ಎಲೆ ಹಾಕು.”

ಮಹಲಿಂಗ ಎಲೆ ಹಾಕಿ ಪಾಯಸ ಬಡಿಸಿದ. ನೋಡನೋಡುತ್ತಿದ್ದಂತೆ ಎಲೆ ಬರಿದಾಯಿತು.

ಗುರುಗಳು ಅವಳ ಕಡೆ ತಿರುಗಿದರು. “ತಾಯಿ, ಒಂದೇ ಹೆಸರಿಗೆ ಇಬ್ಬರು ಓಗೊಟ್ಟರೆ ಚಿಕ್ಕದು ಉಳಿಯುವುದಿಲ್ಲ. ದೊಡ್ಡವನನ್ನು ಕಳಿಸಿಕೊಡು.”

“ದಿನಾ ಬಂದು ನನ್ ಮಗ್ಗುಲಲ್ಲೇ ಮನಿಕತಾನೆ ಬುದ್ಧಿ. ಎಂಗ್ ಕಳುಸ್ಲಿ?” ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಮಡಿಲ ಕೂಸು ಅಳಲು ಬಾಯಿ ತೆರೆಯಿತು. ದನಿ ಹೊರಡಲಿಲ್ಲ. ಕೆಂಪಾಜಮ್ಮ ಅದನ್ನೇ ಬಹಳ ಹೊತ್ತು ನೋಡಿದಳು.

ಆಮೇಲೆ ಸೆರಗಿನ ತುದಿ ಹಿಡಿದು, ಬರಿದಾದ ಎಲೆಯ ಮುಂದೆ, ಗಾಳಿಯಲ್ಲಿ, ಒಂದು ಪುಟ್ಟ ಬಾಯನ್ನು ಒರೆಸಿದಳು.

“ಹೋಗ್ಬುಟ್ಟು ಬಾ ಕಂದ...”

“ಬಾ ಅನ್ನಬೇಡ ತಾಯಿ,” ಅಂದರು ಗುರುಗಳು.

ನಮ್ಮಲ್ಲಿ ಸಂತೆಗೆ ಹೊರಟವರಿಗೂ ‘ಹೋಗಿ ಬಾ’ ಅನ್ನುತ್ತಾರೆ. ಹೆತ್ತ ಮಗುವಿಗೆ ಬರೀ ‘ಹೋಗು’ ಅನ್ನುವುದು ಹೇಗೆ? ಆದರೂ ಕೆಂಪಾಜಮ್ಮ ಅಂದಳು. ಅಂದವಳೇ ಕೂಸನ್ನು ಎದೆಗೊತ್ತಿಕೊಂಡು ಮುಖ ಮುಚ್ಚಿಕೊಂಡಳು.

ಗುರುಗಳು ಸನ್ನೆ ಮಾಡಿದರು. ಮಹಲಿಂಗ ಕೂಸಿನ ಕಿವಿಯಲ್ಲಿ ಹೊಸ ಹೆಸರು ಹೇಳಿದ, ಚೆಲುವಯ್ಯ ಎಂದು.

“ಚೆಲುವಯ್ಯಾ,” ಎಂದು ತಾಯಿ ಕರೆದಳು. ಆ ಹೆಸರು ಅವಳ ಬಾಯಿಗೆ ಇನ್ನೂ ಒಗ್ಗಿರಲಿಲ್ಲ. ಆದರೂ ಕೂಸು ಅವಳ ಮುಖವನ್ನೇ ನೋಡಿತು. ಬಾಯಿ ಬಿಟ್ಟು ಮೊದಲ ತುತ್ತು ನುಂಗಿತು.

ಬಿಸಿಲು ಇಳಿಯುವಾಗ ಇಬ್ಬರೂ ಹೊರಟರು. ಗುರುಗಳು ಮುಂದೆ, ಶಿಷ್ಯ ಹಿಂದೆ. ಗುರುಗಳು ಹೊಳೆಗೆ ಇಳಿದರು. ಮಹಲಿಂಗ ದಡದಲ್ಲೇ ನಿಂತುಬಿಟ್ಟ.

“ಗುರುಗಳೇ... ಯಾರೋ ನನ್ನ ಪಂಚೆ ಹಿಡಿದುಕೊಂಡಿದ್ದಾರೆ.”

ಗುರುಗಳು ಹಿಂತಿರುಗಿ ನೋಡಲಿಲ್ಲ.

“ಎತ್ತಿಕೋ,” ಅಂದರು. “ಮಗುವಿಗೆ ಈ ನೀರು ಆಳ.”